ಪೂಜೆಗಿಟ್ಟ ಬಂದೂಕು

ಅನು ಹುಟ್ಟುವ ಹೊತ್ತಿಗೆ ಆ ಬಂದೂಕಿಗೆ ಕಾಯಲು ಹೊಲವೇ ಉಳಿದಿರಲಿಲ್ಲ. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಅವಳ ಅಜ್ಜ ಬೈರಯ್ಯ ಪರವಾನಗಿ ಪಡೆದು ತಂದ ಒಂಟಿ ನಳಿಗೆಯ ಬಂದೂಕು ಅದು. ತುರಹಳ್ಳಿ ಕಾಡಿನ ಕಡೆಯಿಂದ ಹಂದಿಗಳು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಹೊಲದ ಅರ್ಧ ಉಪನಗರಕ್ಕೆ ಹೋಗಿತ್ತು, ಉಳಿದರ್ಧದ ಮೇಲೆ ಬಾಡಿಗೆ ಮನೆಗಳ ಮೂರು ಸಾಲು ಎದ್ದಿದ್ದವು. ಬಂದೂಕು ಮಾತ್ರ ಹಳೇ ಕೆಂಗೇರಿಯ ಮನೆಯಲ್ಲಿ, ದೊಡ್ಡಪ್ಪ ಮರಿಯಪ್ಪನ ಬೀರುವಿನ ಹಿಂದೆ, ಜಮಖಾನದ ಸುರುಳಿಯೊಳಗೆ ಉಳಿದುಕೊಂಡಿತ್ತು. ಬೈರಯ್ಯ ತೀರಿಕೊಂಡ ಮೇಲೆ ಪರವಾನಗಿ ಮರಿಯಪ್ಪನ ಹೆಸರಿಗಾಯಿತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಒಪ್ಪಿಸಲು ಹೋಗುವ ದಿನ ಮರಿಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಾರು ಬಿಟ್ಟು, ಬೀದಿಯ ನಡುವೆ ನಡೆದೇ ಹೋಗುತ್ತಿದ್ದ. ನಾಲ್ಕು ಜನ ನೋಡಬೇಕು.

ಮನೆ ಒಂದೇ, ಮಹಡಿ ಎರಡು. ಕೆಳಗೆ ಮರಿಯಪ್ಪನ ಸಂಸಾರ, ಮೇಲೆ ಅವನ ತಮ್ಮ ಕಿಟ್ಟಿಯದು. ಕಿಟ್ಟಿ ಅನುವಿನ ಅಪ್ಪ. ಐವತ್ತು ದಾಟಿದ್ದರೂ ಅಣ್ಣನ ಎದುರು ಕುರ್ಚಿಯ ಅಂಚಿನಲ್ಲಿ ಕೂರುವ ಮನುಷ್ಯ. ಅಣ್ಣ ಮುಗಿಸುವವರೆಗೆ ಬಾಯಿ ತೆರೆಯದವನು, ಮುಗಿಸಿದ ಮೇಲೆ ಹೇಳಲು ಏನೂ ಉಳಿಯದವನು. ಅಜ್ಜಿ ಲಿಂಗಮ್ಮ ಎರಡೂ ಮನೆಗೆ ಸೇರಿದವಳು. ಹಗಲೂಟ ಕೆಳಗೆ, ರಾತ್ರಿಯ ಹಾಸಿಗೆ ಮೇಲೆ, ಅನುವಿನ ಕೋಣೆಯಲ್ಲಿ.

ಸುತ್ತಿನ ಹತ್ತೂರಿಗೆ ಲಿಂಗಮ್ಮನ ಅಳು ಹೆಸರಾಗಿತ್ತು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ಹೆಂಗಸರು ಈಗ ಕಡಿಮೆ; ಇರುವವರಲ್ಲಿ ಅವಳೇ ಕೊನೆಯ ಗಟ್ಟಿ ಕೊರಳು. ಹೆಣದ ತಲೆಯ ಬಳಿ ಕೂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಶುರು ಮಾಡಿದಳೆಂದರೆ, ಸತ್ತವರು ಹುಟ್ಟಿದ ದಿನದಿಂದ ಆ ಬೆಳಗಿನವರೆಗೆ ಎಲ್ಲವೂ ಸಾಲುಸಾಲಾಗಿ ಬರುತ್ತಿತ್ತು. ಅಳುವವಳನ್ನು ನಡುವೆ ಯಾರೂ ತಡೆಯಕೂಡದು, ಎದುರು ಮಾತಾಡಕೂಡದು; ಅವಳೂ ಇಲ್ಲದ್ದನ್ನು ಹೇಳಕೂಡದು. ಇದು ಅಲ್ಲಿಯ ಕಟ್ಟು. ಹಿಂದೊಮ್ಮೆ ಓಣಿಯ ಕೊನೆಯ ಮನೆಯಲ್ಲಿ ಸೊಸೆಯೊಬ್ಬಳು ಬಾವಿಗೆ ಬಿದ್ದಾಗ, ನೂರು ಜನರೆದುರು ಅತ್ತೆಯ ಹೆಸರು ಹಿಡಿದು ಲಿಂಗಮ್ಮ ಅತ್ತಿದ್ದಳಂತೆ. ಆ ಅತ್ತೆ ಆಮೇಲೆ ಬದುಕಿರುವವರೆಗೂ ಬೀದಿಯ ನಲ್ಲಿಗೆ ತಾನೇ ನೀರಿಗೆ ಬರಲಿಲ್ಲ ಎಂದು ಹೇಳುತ್ತಾರೆ. ಅನುವಿಗೆ ಈ ಕಥೆ ಚಿಕ್ಕಂದಿನಿಂದ ಬಾಯಿಪಾಠ. ವಿಜಯನಗರದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುವ, ಮೆಟ್ರೋದಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡಾಡುವ ಹುಡುಗಿ ಅವಳು; ಆದರೂ ಅಜ್ಜಿಯ ಸಾಲುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ತಾನೂ ಒಂದೆರಡು ಕಟ್ಟಿ ನೋಡುತ್ತಿದ್ದಳು. ತಮ್ಮ ರೇವಂತ್ ಕದ್ದು ಓದಿ, ಸತ್ತ ಚಾರ್ಜರಿನ ಮೇಲೊಂದು ಅಳು ಕಟ್ಟಿಕೊಡು ಎಂದು ಕಾಡುತ್ತಿದ್ದ.

ಲಿಂಗಮ್ಮನಿಗೆ ಇನ್ನೊಂದು ನೇಮವಿತ್ತು. ಬರಿದಾದದ್ದನ್ನು ಪೂಜೆಗೆ ಇಡಬಾರದು. ಕೊಡವಿಟ್ಟರೆ ನೀರಿರಬೇಕು, ಮೊರವಿಟ್ಟರೆ ಹಿಡಿ ರಾಗಿ, ಸೇರಿನಲ್ಲಿ ಅಕ್ಕಿ. ಆಯುಧಪೂಜೆಯ ದಿನ ಮಿಕ್ಸಿಯ ಜಾರಿಗೂ ನಾಲ್ಕು ಕಾಳು ಬೀಳುತ್ತಿದ್ದವು. ಬರಿದನ್ನು ಪೂಜಿಸಿದರೆ ವರ್ಷವೆಲ್ಲ ಬರಿದು ಎಂಬುದು ಅವಳ ನಂಬಿಕೆ. ಬೈರಯ್ಯನಿದ್ದಾಗ ಬಂದೂಕಿಗೂ ಇದೇ ಕ್ರಮ. ಒಂದು ತೋಟಾ ತುಂಬಿ ಮಣೆಯ ಮೇಲಿಡುವುದು, ಮಂಗಳಾರತಿಯಾದ ಮೇಲೆ ಹೊಲಕ್ಕೆ ಹೋಗಿ ಆಕಾಶಕ್ಕೆ ಹಾರಿಸುವುದು. ಹೊಲ ಹೋದ ಮೇಲೆ ಹಾರಿಸುವುದು ನಿಂತಿತು. ತುಂಬುವುದೂ ಅವನೊಂದಿಗೆ ನಿಂತಿತೆಂದು ಮನೆಯವರೆಲ್ಲ ತಿಳಿದಿದ್ದರು.

ರೇವಂತ್‌ಗೆ ಹದಿನಾರು ತುಂಬಿದ ವರ್ಷದ ಆಯುಧಪೂಜೆ ಅದು. ಮಂಗಳಾರತಿಯಾಗಿ, ಬೂದುಗುಂಬಳ ಒಡೆದು, ಹಿರಿಯರೆಲ್ಲ ಬೀದಿಯಲ್ಲಿ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರು. ಕೆಳಮನೆಯ ನಡುಮನೆಯಲ್ಲಿ ಮೂವರೇ ಇದ್ದರು. ಮರಿಯಪ್ಪನ ಮಗ ಮಧುಕುಮಾರ್, ಇಪ್ಪತ್ತೆರಡು ವರ್ಷದವನು, ರೇವಂತ್, ಅಡುಗೆಮನೆಯ ಹೊಸಿಲಲ್ಲಿ ಕಡ್ಲೆಪುರಿಯ ಬಟ್ಟಲು ಹಿಡಿದ ಅನು. ಮಧು ಮಣೆಯ ಮೇಲಿದ್ದ ಬಂದೂಕನ್ನು, ಅದಕ್ಕೆ ಸುತ್ತಿದ್ದ ಸೇವಂತಿಗೆ ಹಾರದ ಸಮೇತ, ಎತ್ತಿಕೊಂಡ.

"ಗುರು, ಮೊದ್ಲು ಹಿಡಿಯೋದ್ ಕಲಿ," ಎಂದ ರೇವಂತ್. "ಪೊರಕೆ ಹಿಡ್ಕೊಂಡಂಗ್ ಹಿಡ್ಕೊಂಡಿದೀಯ."

"ಪೊರಕೆನಾ? ನಿಲ್ಲು ಮಗಾ ಅಲ್ಲೇ. ಕೊನೆ ಆಸೆ ಏನು, ಹೇಳ್ಬಿಡು."

"ನಿನ್ ಗಾಡಿ ಕೀ ಕೊಡು. ನೈಸ್ ರೋಡಲ್ಲಿ ಒಂದ್ ರೌಂಡ್ ಹೊಡ್ಕೊಂಡ್ ಬಂದು ಆರಾಮಾಗಿ ಸಾಯ್ತೀನಿ."

ಅನು ನಕ್ಕಳು. ಮಧುವೂ ನಕ್ಕ, ನಗುತ್ತಲೇ ಕಣ್ಣು ಕಿರಿದು ಮಾಡಿ ಗುರಿ ಹಿಡಿದ. ಹಿಂದಿನ ದಿನ ಮರಿಯಪ್ಪ ನಳಿಗೆಗೆ ಎಣ್ಣೆಬಟ್ಟೆ ತೂರಿಸಿ ಒರೆಸಿದ್ದ, ಬೆಳಕಿಗೆ ಹಿಡಿದು ಖಾಲಿಯೆಂದು ತೋರಿಸಿದ್ದ. ಆ ಧೈರ್ಯದ ಮೇಲೆ ಮಧು ಬೆರಳು ಒತ್ತಿದ.

ಬೀದಿಯಲ್ಲಿದ್ದವರು ಪಟಾಕಿಯೆಂದುಕೊಂಡರು. ಯಾರೋ ಶಿಳ್ಳೆ ಕೂಡ ಹಾಕಿದರು.

ಮೈಸೂರು ರಸ್ತೆಯ ಆಸ್ಪತ್ರೆಗೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಅಲ್ಲಿಯ ಕಾರಿಡಾರಿನಲ್ಲಿ, ಅನುವಿನ ಅಮ್ಮ ಲತಾ ನೆಲದ ಮೇಲೆ ಕೂತು, ಹೊರಡುವಾಗ ಬಾಗಿಲಿಂದ ಎತ್ತಿಕೊಂಡು ಬಂದ ಮಗನ ಒಂದು ಕಾಲಿನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡಿರುವಾಗ, ಮರಿಯಪ್ಪ ಉಳಿದವರನ್ನು ಕಿಟಕಿಯ ಬಳಿ ಸೇರಿಸಿದ.

"ಎಲ್ರೂ ಕೇಳ್ಸ್ಕೊಳ್ಳಿ. ಬಂದೂಕ ಮಣೆಯಿಂದ ಜಾರಿ ಬಿತ್ತು. ಬಿದ್ದೇಟಿಗೆ ಹಾರ್ತು. ಅಪ್ಪನ ಕಾಲದ್ದೊಂದು ತೋಟಾ ಒಳಗೆ ಸಿಕ್ಕಾಕೊಂಡಿತ್ತು, ಯಾರ್ಗೂ ಗೊತ್ತಿರ್ಲಿಲ್ಲ. ಲೈಸೆನ್ಸ್ ನಂದು, ಏನಿದ್ರೂ ನನ್ ತಲೆ ಮೇಲ್ ಬರ್ಲಿ. ಒಂದು ಮಗು ಹೋಯ್ತು. ಇನ್ನೊಂದನ್ನ ಜೈಲಿಗೆ ಕಳ್ಸೋದ್ ಬೇಡ. ಏನಂತೀಯ ಕಿಟ್ಟಿ?"

ಅನು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಪ್ಪನ ತಲೆ ಅಲ್ಲಾಡಿತು. ಕೆಳಗಿನಿಂದ ಮೇಲಕ್ಕೆ, ಒಂದೇ ಸಲ. ಅಣ್ಣನ ಮಾತಿಗೆ ಜೀವಮಾನವೆಲ್ಲ ಅಲ್ಲಾಡಿದ ಹಾಗೆಯೇ.

ಠಾಣೆಯಿಂದ ಹೇಳಿಕೆ ಬರೆದುಕೊಳ್ಳಲು ಬಂದಾಗ ಅನುವಿನ ಸರದಿಯೂ ಬಂತು. ಹತ್ತೊಂಬತ್ತು ತುಂಬಿದವಳು, ಕೋಣೆಯಲ್ಲಿ ಇದ್ದವಳು. ದಾನಮ್ಮ ಎಂಬ ಮುಖ್ಯ ಪೇದೆ ಕಾಗದವನ್ನು ಓದಿ ಹೇಳಿ ಅವಳ ಮುಂದಿಟ್ಟಳು. "ಜಾರಿ ಬಿತ್ತು" ಎಂಬ ಎರಡು ಪದಗಳ ಕೆಳಗೆ ಅನು ಸಹಿ ಹಾಕಿದಳು. ಅಪ್ಪ ಪಕ್ಕದಲ್ಲೇ ನಿಂತಿದ್ದ. ಪೆನ್ನು ಬರೆಯಲಿಲ್ಲವೆಂದು ಕೊಡವಿ, ಇನ್ನೊಮ್ಮೆ ತಿದ್ದಿ ಹಾಕಿದಳು. ತಮ್ಮನ ಸಾವಿನ ಬಗ್ಗೆ ತಾನು ಮಾಡಿದ ಮೊದಲ ಕೆಲಸವೇ ಇದು ಎಂಬುದನ್ನು ಅವಳಿಗೆ ಆಮೇಲೆ ಎಂದೂ ಮರೆಯಲಾಗಲಿಲ್ಲ.

ಅವಳಿಗೆ ಉಳಿದಿದ್ದ ಒಂದೇ ಭರವಸೆ ಅಜ್ಜಿಯ ಅಳು. ಪೊಲೀಸರ ಕಾಗದದಲ್ಲಿ ಏನಾದರೂ ಇರಲಿ, ಹಾಲುತುಪ್ಪದ ದಿನ ಸಮಾಧಿಯ ಬಳಿ ಅಜ್ಜಿ ಬಾಯಿ ತೆರೆದಾಗ ಮಧುವಿನ ಹೆಸರು ಬಂದೇ ಬರುತ್ತದೆ. ಒಮ್ಮೆ ಬಂದರೆ ಅದನ್ನು ಮತ್ತೆ ಒಳಗೆ ತಳ್ಳಲು ದೊಡ್ಡಪ್ಪನಿಂದಲೂ ಆಗದು. ಮೂರನೆಯ ದಿನ ಎಲ್ಲರೂ ಸೇರಿದರು. ಮಧುವೂ ಬಂದಿದ್ದ, ತಲೆ ಬಗ್ಗಿಸಿ, ಕೈ ಕಟ್ಟಿ. ಮಣ್ಣಿನ ಮೇಲೆ ಹಾಲು ಬಿಟ್ಟ ಮೇಲೆ ಲಿಂಗಮ್ಮ ಸೆರಗು ಬಾಯಿಗೆ ತಂದಳು.

ಹತ್ತು ದಿನದ ಕೂಸಾಗಿ ಹೆಗಲ ಮೇಲೆ ಮಲಗಿದವನೇ,
ಹದಿನಾರು ವರ್ಷ ಮಾತ್ರ ಸಾಕೆಂದು ಎದ್ದವನೇ,
ನಿನ್ನ ಸೈಕಲ್ಲು ಗೋಡೆಗೊರಗಿ ನಿಂತೈತಲ್ಲೋ ಮಗನೇ,
ಗಾಳಿ ಹೋದ ಚಕ್ರಕ್ಕೆ ಯಾರ ಗಾಳಿ ತುಂಬಲೋ...

ಅರ್ಧ ಗಂಟೆ ಅತ್ತಳು. ಅವನ ಹುಬ್ಬಿನ ಗಾಯ ಬಂತು, ಅವನು ಮುರಿದ ಮಡಕೆಗಳು ಬಂದವು, ಮುದ್ದೆ ಉಣ್ಣಲು ಅವನು ಮಾಡುತ್ತಿದ್ದ ರಂಪ ಬಂತು. ನೆರೆದವರೆಲ್ಲ ಬಿಕ್ಕಿದರು. ಆಯುಧಪೂಜೆಯ ಬೆಳಗು ಮಾತ್ರ ಬರಲಿಲ್ಲ. ಅಳು ಅದರ ಹಿಂದಿನ ಸಂಜೆಯವರೆಗೆ ಬಂದು, ಗೋಡೆಗೆ ಮುಖವಿಟ್ಟಂತೆ ನಿಂತು, ಸಣ್ಣಗಾಗಿ ಕೊನೆಗೊಂಡಿತು. ಸೆರಗು ಕೆಳಗಿಳಿಸಿ ಲಿಂಗಮ್ಮ ನೀರು ಕೇಳಿದಳು. ಅನು ತಂದುಕೊಡಲಿಲ್ಲ.

ತಿಥಿ ಕಳೆದು ಹತ್ತು ದಿನಕ್ಕೆ ಮಧು ಫೋನಿನಲ್ಲಿ ಒಂದು ವಿಡಿಯೋ ಹಾಕಿದ. ರೇವಂತ್‌ನ ಫೋಟೋಗಳು ಒಂದರ ಹಿಂದೊಂದು, ಹಿಂದೆ ಕೊಳಲು, ಕೊನೆಯಲ್ಲಿ ಕಪ್ಪು ಪರದೆಯ ಮೇಲೆ 'ಮಿಸ್ ಯೂ ತಮ್ಮಾ'. ಕಾಲೇಜಿನ ಕ್ಯಾಂಟೀನಿನಲ್ಲಿ ಗೆಳತಿಯೊಬ್ಬಳು ಅದನ್ನು ಅನುವಿಗೆ ತೋರಿಸಿ, "ನಿಮ್ಮಣ್ಣ ಎಷ್ಟ್ ಚೆನ್ನಾಗ್ ಮಾಡಿದಾರೆ ಕಣೇ, ನಂಗ್ ಅಳೂನೇ ಬಂತು," ಎಂದಳು. ನಾಲ್ಕು ಸಾವಿರ ಜನ ಮೆಚ್ಚಿದ್ದರು. ಅನು ತಿಂಡಿಯ ತಟ್ಟೆ ಅಲ್ಲೇ ಬಿಟ್ಟು ಮೆಟ್ರೋ ಹತ್ತಿದಳು.

ಮಧು ತಾರಸಿಯ ಮೇಲೆ ಡಂಬೆಲ್ಸ್ ಎತ್ತುತ್ತಿದ್ದ.

"ಅದನ್ನ ತೆಗಿ," ಎಂದಳು.

"ಯಾವ್ದನ್ನ?"

"ಗೊತ್ತು ನಿಂಗೆ. ತೆಗಿ. ಇಲ್ಲಾಂದ್ರೆ ಅದ್ರ ಕೆಳಗೆ ನೀನೇ ಬರಿ, ಹೊಡ್ದಿದ್ದು ನಾನು ಅಂತ."

ಮಧು ಕೈಯಲ್ಲಿದ್ದುದನ್ನು ಕೆಳಗಿಟ್ಟ. "ನಾನೇನ್ ಬೇಕಂತ ಮಾಡಿದ್ನಾ ಅನು? ಖಾಲಿ ಅಂದ್ಕೊಂಡೆ. ನೀನೂ ನಗ್ತಾ ಇದ್ದಲ್ವಾ."

"ಹೌದು. ನಕ್ಕೆ. ನಾನು ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ನೀನು ನಿಂದು ಹೇಳು."

"ನಾನು ದಿನಾ ಸಾಯ್ತಾ ಇದೀನಿ ಕಣೇ."

"ಸಾಯ್ತಾ ಇಲ್ಲ ನೀನು. ದಿನಾ ಆರು ಮೊಟ್ಟೆ ತಿಂತಾ ಇದೀಯ. ನಮ್ಮಮ್ಮ ಬೇಯಿಸಿ ಕೊಡ್ತಾಳೆ."

ಅದು ನಿಜವಾಗಿತ್ತು. ಮರಿಯಪ್ಪನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು; ಎರಡೂ ಮನೆಯ ಒಲೆ ಲತಾಳದೇ. ಮಗನನ್ನು ಕಳೆದುಕೊಂಡ ಮೂರನೇ ವಾರಕ್ಕೆ ಅವಳು ಮಗನನ್ನು ಹೊಡೆದವನಿಗೆ ಮೊಟ್ಟೆ ಸುಲಿದು ಇಡತೊಡಗಿದ್ದಳು, ಏಕೆಂದರೆ ಬೆಳಗಿನ ಆ ಹೊತ್ತಿಗೆ ಕೈ ತಾನಾಗಿ ಆ ಕೆಲಸಕ್ಕೆ ಹೋಗುತ್ತಿತ್ತು. ಮಧು ಮೆಟ್ಟಿಲಿಳಿದು ಹೋದ. ವಿಡಿಯೋ ಹಾಗೇ ಉಳಿಯಿತು.

ಆ ದಿನಗಳಲ್ಲಿ ಅನು ಮಧುವನ್ನು ಕೊಲ್ಲುವುದರ ಬಗ್ಗೆ ಯೋಚಿಸುತ್ತಿದ್ದಳು. ಉದ್ವೇಗದಿಂದಲ್ಲ, ಪರೀಕ್ಷೆಗೆ ಓದುವಷ್ಟು ನೆಟ್ಟಗೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಲೆಕ್ಕಶಾಸ್ತ್ರದ ಪುಸ್ತಕದ ಮರೆಯಲ್ಲಿ, ಒಂಟಿ ನಳಿಗೆಯ ಬಂದೂಕನ್ನು ಬಿಚ್ಚುವುದು, ತುಂಬುವುದು, ಹೆಗಲಿಗೆ ಒತ್ತಿ ಹಿಡಿಯುವುದು ಎಲ್ಲವನ್ನೂ ಫೋನಿನಲ್ಲಿ ನೋಡಿ ಕಲಿತಳು. ಅವನು ನಿಲ್ಲಬೇಕಾದ ಜಾಗ, ತಾನು ಕೇಳಬೇಕಾದ ಪ್ರಶ್ನೆ, ಅವನು ಹೇಳಬೇಕಾದ ಉತ್ತರ ಗೊತ್ತುಮಾಡಿಕೊಂಡಳು. ಆದರೆ ಬಂದೂಕು ಠಾಣೆಯ ವಶದಲ್ಲಿತ್ತು. ಪರವಾನಗಿಯೂ ರದ್ದಾಗಿತ್ತು. ಅದು ಮನೆಯಲ್ಲೇ ಇದ್ದಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ಅದರ ಬದಲು ಅವಳು ಬರೆದಳು. ಅಜ್ಜಿ ನಿಲ್ಲಿಸಿದ ಸಂಜೆಯಿಂದ ಮುಂದಕ್ಕೆ, ಅಜ್ಜಿಯದೇ ಧಾಟಿಯಲ್ಲಿ.

ಹಾರ ಸುತ್ತಿದ ಕಬ್ಬಿಣವ ಎತ್ತಿದವನ ಹೆಸರು ಹೇಳು,
ನಗುತ ಗುರಿಯಿಟ್ಟವನ ಹೆಸರು ಹೇಳು,
ನಗುತ ನಿಂತವಳ ಹೆಸರನೂ ಹೇಳು ತಮ್ಮಾ,
ಜಾರಿದ್ದು ಬಂದೂಕಲ್ಲ, ಅಪ್ಪನ ನಾಲಿಗೆಯೆಂದು ಹೇಳು.

ಒಂದು ಭಾನುವಾರ ಮಧ್ಯಾಹ್ನ, ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಲಿಂಗಮ್ಮನ ಮುಂದೆ ಅನು ಆ ಸಾಲುಗಳನ್ನು ಓದಿದಳು. ವರ್ಷಾಬ್ದಿಕದ ದಿನ ಎಲ್ಲರೆದುರು ನೀನೇ ಇದನ್ನು ಹಾಡಿ ಅಳಬೇಕು, ಇಲ್ಲವಾದರೆ ನಾನು ಅಳುತ್ತೇನೆ ಎಂದಳು.

ಲಿಂಗಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗ್ ಕಟ್ಟಿದೀಯ ಕಣವ್ವ. ಒಂದು ಬಿಟ್ಟೋಗೈತೆ."

"ಏನು?"

"ತುಂಬಿದೋಳ ಹೆಸ್ರು."

ಅನುವಿಗೆ ತಿಳಿಯಲಿಲ್ಲ.

"ತೋಟಾ ಮಡಗಿದ್ದು ನಾನು," ಎಂದಳು ಲಿಂಗಮ್ಮ. "ನಿಮ್ಮಜ್ಜ ಹೋದ್ಮೇಲೆ ಪ್ರತಿ ವರ್ಷಾನೂ ನಾನೇ ಮಡಗ್ತಿದ್ದೆ. ನನ್ ಟ್ರಂಕಲ್ಲಿ ನಾಲ್ಕ್ ಇದ್ವು, ಅವರವು. ಬೆಳಗಾಗೆದ್ದು, ಯಾರೂ ಇಲ್ದಾಗ ತುಂಬಿ ಮಣೆ ಮೇಲಿಕ್ಕೋದು, ಸಾಯಂಕಾಲ ತೆಗ್ದು ಬಿಡೋದು. ಬರೀ ಬಂದೂಕಕ್ಕೆ ಹೆಂಗೆ ಕುಂಕುಮ ಇಡ್ಲಿ ಹೇಳು? ಮರಿಯಪ್ಪಂಗೆ ಹೇಳಿದ್ರೆ ಬೈತಾನೆ ಅಂತ ಹೇಳ್ಲಿಲ್ಲ. ಮೂರ್ ವರ್ಷ ಏನೂ ಆಗ್ಲಿಲ್ಲ."

"ದೊಡ್ಡಪ್ಪಂಗೆ ಗೊತ್ತಾ?"

"ಅವತ್ತೇ ಗೊತ್ತಾಯ್ತು. ನಾನೇ ಹೇಳ್ದೆ. ಬಾಯಿ ಮುಚ್ಕೊಂಡಿರವ್ವ ಅಂದ." ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತ ಮುದುಕಿ ಹೇಳಿದಳು. "ಹೆಣದ ಮುಂದೆ ಸುಳ್ಳು ಅಳಬಾರ್ದು. ಮದೂನ ಹೆಸ್ರು ತಗದ್ರೆ ನಂದೂ ತಗೀಬೇಕು. ನನ್ ಬಾಯಲ್ಲಿ ನನ್ ಹೆಸ್ರು ಬರ್ಲಿಲ್ಲ. ಅದಕ್ಕೇ ನಿಲ್ಲಿಸ್ದೆ."

ಇಷ್ಟು ದಿನ ಅನುವಿನ ಸಿಟ್ಟಿಗೆ ಒಂದು ಮುಖವಿತ್ತು. ಈಗ ಅದರ ಪಕ್ಕದಲ್ಲಿ ತನ್ನ ತಲೆಗೆ ಎಣ್ಣೆ ಹಚ್ಚಿದ ಕೈಗಳೆರಡು ಬಂದು ಕೂತಿದ್ದವು.

"ನಾನ್ ಹೇಳ್ತೀನಿ ಅಜ್ಜಿ," ಎಂದಳು ಕೊನೆಗೆ. "ಠಾಣೆಗೆ ಹೋಗಿ ಹೇಳ್ತೀನಿ. ಬರೀ ಮಧುಅಣ್ಣನ ವಿಷ್ಯ ಹೇಳ್ತೀನಿ."

"ತೋಟಾ ಎಲ್ಲಿಂದ ಬಂತು ಅನ್ನಲ್ವಾ ಅವ್ರು?" ಲಿಂಗಮ್ಮನ ಕೈ ಈಗ ನಿಂತಿತು. ಮುಖದಲ್ಲಿ ಅನು ಎಂದೂ ಕಾಣದ ಒಂದು ಅಂಜಿಕೆ ಬಂತು. ಹತ್ತೂರಿನ ಸಾವುಗಳೆದುರು ಕೂತು ಅಂಜದವಳ ಮುಖದಲ್ಲಿ. "ನಾನ್ ಸತ್ಮೇಲೆ ಹೇಳವ್ವ. ಇನ್ನೆಷ್ಟ್ ದಿನ ಇರ್ತೀನಿ? ಎಂಬತ್ತಕ್ ಬಂದೆ. ಈ ವಯಸ್ನಾಗೆ ಪೊಲೀಸ್ರು ಕೈ ಹಿಡ್ಕೊಂಡು ಬೀದೀಲಿ ಕರ್ಕೊಂಡೋದ್ರೆ, ಅದನ್ನ ಈ ಊರು ನೋಡೋದ್ ಬ್ಯಾಡ. ನಾನೋದ್ ಮಾರ್ನೇ ದಿನವೇ ಹೇಳು, ಬ್ಯಾಡ ಅನ್ನಲ್ಲ."

ಅನು ಒಪ್ಪಿದಳು.

ಹೀಗೆ ಶುರುವಾಯಿತು ಕಾಯುವುದು. ಮೊದಮೊದಲು ಅವಳಿಗೆ ತಾನು ಏನನ್ನು ಕಾಯುತ್ತಿದ್ದೇನೆ ಎಂಬುದರ ಅರಿವಿರಲಿಲ್ಲ. ಧನುರ್ಮಾಸದ ಚಳಿಗೆ ಲಿಂಗಮ್ಮನಿಗೆ ಕೆಮ್ಮು ಹಿಡಿಯಿತು. ಅನು ಬಿಸಿನೀರು ಕೊಟ್ಟಳು, ಎದೆಗೆ ಮುಲಾಮು ಹಚ್ಚಿದಳು, ಹೊದಿಕೆ ಸರಿಮಾಡಿದಳು. ಕೆಮ್ಮು ವಾರವಾದರೂ ಬಿಡಲಿಲ್ಲ. ಅಜ್ಜಿ ಮುದ್ದೆ ಬೇಡವೆಂದಳು, ಆಮೇಲೆ ಗಂಜಿಯೂ ಸೇರುವುದಿಲ್ಲ ಎಂದಳು. ಆ ಬೆಳಗ್ಗೆ ಉಣ್ಣದ ಬಟ್ಟಲನ್ನು ಅಡುಗೆಮನೆಗೆ ಒಯ್ಯುತ್ತಿದ್ದ ಅನು ಮೆಲ್ಲಗೆ ಹಾಡೊಂದನ್ನು ಗುನುಗುತ್ತಿದ್ದಳು.

"ಏನೇ, ಖುಷಿಯಾಗಿದೀಯ?" ಎಂದಳು ಲತಾ. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಆ ಮನೆಯಲ್ಲಿ ಮೂರು ತಿಂಗಳ ನಂತರ ಯಾರೋ ಹಾಡಿದ್ದರು, ಅದಕ್ಕೆ ಕೇಳಿದಳು.

ಅನು ಬಟ್ಟಲನ್ನು ಅಲ್ಲೇ ಇಟ್ಟು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾನು ಹಾಡುತ್ತಿದ್ದುದು ಅಜ್ಜಿ ಉಣ್ಣದೆ ಬಿಟ್ಟ ಬಟ್ಟಲು ಹಿಡಿದು. ಮಧುವಿನ ಸಾವನ್ನು ಯೋಚಿಸಿದಾಗ ಅವಳಿಗೆ ತನ್ನ ಬಗ್ಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಅಲ್ಲಿ ದ್ವೇಷವಾದರೂ ಇತ್ತು. ಇಲ್ಲಿ ದ್ವೇಷವೂ ಇಲ್ಲ. ಅವಳ ಪಾಲಿಗೆ ಅಜ್ಜಿ ದಾರಿಯಲ್ಲಿ ನಿಂತ ಗಾಡಿಯಾಗಿದ್ದಳು, ಯಾವಾಗ ಸರಿದೀತೆಂದು ನೋಡುತ್ತಿದ್ದಳು ಅಷ್ಟೆ. ರೇವಂತ್‌ನ ಸಾವು ತನ್ನನ್ನು ಇಲ್ಲಿಗೆ ತಂದು ನಿಲ್ಲಿಸಿತಲ್ಲ ಎಂದುಕೊಂಡಳು. ಮತ್ತೆ, ರೇವಂತ್‌ನ ಸಾವಲ್ಲ, ತಾನು ಹಾಕಿದ ಸಹಿ ಎಂದು ತಿದ್ದಿಕೊಂಡಳು.

ಸಂಕ್ರಾಂತಿ ಕಳೆದ ವಾರ ಲಿಂಗಮ್ಮ ಹುಷಾರಾದಳು. ಎಳ್ಳುಬೆಲ್ಲ ಬೇಕೆಂದು ಕೇಳಿ, ಹಲ್ಲಿಲ್ಲದ ಬಾಯಲ್ಲಿ ಚೀಪುತ್ತ ಜಗಲಿಯ ಮೇಲೆ ಬಿಸಿಲಿಗೆ ಕೂತಳು. ಅವಳು ಬದುಕಿದ್ದನ್ನು ಕಂಡು ತನಗೆ ಬೇಸರವಾದೀತೇ ಎಂದು ಅನು ಒಂದು ಕ್ಷಣ ನಿಂತು ತನ್ನನ್ನೇ ಗಮನಿಸಿದಳು. ಬೇಸರವಾಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು ನೇರ ಠಾಣೆಗೆ ಹೋದಳು.

ದಾನಮ್ಮ ವಿಜಯಪುರದ ಕಡೆಯವಳು. ಅನುವನ್ನು ಗುರುತು ಹಿಡಿದು ಕುರ್ಚಿ ತೋರಿಸಿದಳು.

"ಮೊದ್ಲು ಹೇಳಿದ್ದು ಸುಳ್ಳು ಮೇಡಂ," ಎಂದಳು ಅನು.

"ಗೊತ್ತೈತಿ ಕೂಡ್ರು," ಎಂದಳು ದಾನಮ್ಮ. "ಆ ದಿನ ನೀ ಪೆನ್ನು ಕೊಡವಿ ಎರಡು ಸಲ ಸಹಿ ಹಾಕೂದು ನೋಡೀನಿ. ಆದ್ರ ಅಷ್ಟಕ್ಕ ಕೇಸ್ ಆಗಂಗಿಲ್ಲ. ಈಗ ಹೇಳಿದ್ರ ಆಗ ಯಾಕ ಹೇಳ್ಲಿಲ್ಲ ಅಂತ ಕೋರ್ಟಿನ್ಯಾಗ ನಿನ್ನ ಹಿಂಡ್ತಾರ. ತಡ್ಕೋತಿ?"

"ತಡ್ಕೋತೀನಿ."

ಅನು ಹೇಳಿದಳು. ಮಧು ಬಂದೂಕು ಎತ್ತಿದ್ದು, ಗುರಿ ಹಿಡಿದದ್ದು, ತಾನು ನಕ್ಕದ್ದು, ಆಸ್ಪತ್ರೆಯ ಕಿಟಕಿಯ ಬಳಿ ದೊಡ್ಡಪ್ಪ ಹೇಳಿಕೊಟ್ಟದ್ದು. ದಾನಮ್ಮ ಬರೆಯುತ್ತ ಹೋದಳು. ಆಮೇಲೆ ಪೆನ್ನು ಎತ್ತಿ ಕೇಳಿದಳು.

"ಹಿಂದಿನ ದಿನ ಒರಸಿದಾಗ ಖಾಲಿ ಇತ್ತು ಅಂತಿ. ಮರುದಿನ ತೋಟಾ ಯಾರ್ ಹಾಕಿದ್ರು?"

ಠಾಣೆಯ ಫ್ಯಾನು ತಿರುಗುತ್ತಿತ್ತು. ಗೊತ್ತಿಲ್ಲ ಎಂದರೆ ಸಾಕಿತ್ತು. ಒಂದು ಮಾತು, ಅಜ್ಜಿ ಜಗಲಿಯ ಮೇಲೆ ಎಳ್ಳುಬೆಲ್ಲ ಚೀಪುತ್ತ ಉಳಿಯುತ್ತಾಳೆ. ಆದರೆ ಅರ್ಧ ಹೇಳಿ ಎದ್ದುಬಂದರೆ, ಉಳಿದರ್ಧಕ್ಕಾಗಿ ತಾನು ಮತ್ತೆ ಅಜ್ಜಿಯ ಕೆಮ್ಮಿಗೆ ಕಿವಿಗೊಟ್ಟು ಮಲಗಬೇಕು.

"ನಮ್ಮಜ್ಜಿ," ಎಂದಳು. "ಲಿಂಗಮ್ಮ."

ಆ ಸಂಜೆಯೇ ಜೀಪು ಬಂತು. ಲಿಂಗಮ್ಮನನ್ನು ಯಾರೂ ಕೈ ಹಿಡಿದು ಎಳೆಯಲಿಲ್ಲ. ದಾನಮ್ಮನೇ ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟಳು. ಆದರೂ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಜೀಪು ಹತ್ತುವಾಗ ಲಿಂಗಮ್ಮ ತಿರುಗಿ ಮೇಲಿನ ಕಿಟಕಿಯತ್ತ ನೋಡಿದಳು. ಅವಳನ್ನು ಜಾಮೀನಿನ ಮೇಲೆ ಅಂದೇ ಕಳಿಸಿದರು. ಮಧು ಇಪ್ಪತ್ತಾರು ದಿನ ಒಳಗಿದ್ದ. ಸುಳ್ಳು ಹೇಳಿಸಿದ್ದಕ್ಕೆ ಮರಿಯಪ್ಪನೂ ಆರೋಪಿಯಾದ.

"ನಿನ್ ತಮ್ಮನ್ನ ಹೊಡೆದೋನು ಒಬ್ಬ," ಎಂದ ಮರಿಯಪ್ಪ, ಮೆಟ್ಟಿಲ ಕೆಳಗೆ ನಿಂತು, ಬೀದಿಗೆ ಕೇಳಿಸುವಂತೆ. "ಈ ಮನೇನ ಹೊಡೆದೋಳು ನೀನು. ಸಮಾಧಾನ ಆಯ್ತಾ ತಾಯಿ?"

ಸಮಾಧಾನವಾಗಿರಲಿಲ್ಲ. ಆಗಬಹುದೆಂದು ಅವಳು ತಿಳಿದಿದ್ದಳು, ಅದು ತಪ್ಪಾಗಿತ್ತು. ಆದರೆ ಮಧುವಿನ ವಿಡಿಯೋ ಈಗ ಇರಲಿಲ್ಲ, ಮತ್ತು ರಾತ್ರಿ ಅವಳು ಯಾರ ಉಸಿರನ್ನೂ ಎಣಿಸುತ್ತಿರಲಿಲ್ಲ. ಎಣಿಸಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಲಿಂಗಮ್ಮನ ಹಾಸಿಗೆ ಕೆಳಮನೆಗೆ ಇಳಿದಿತ್ತು. ಅಪ್ಪ ಅವಳೊಂದಿಗೆ ಮಾತು ಬಿಟ್ಟಿದ್ದ. ಊಟದ ಹೊತ್ತಿಗೆ ಲತಾಳ ಮೂಲಕ ಕೇಳುತ್ತಿದ್ದ, "ಅವಳು ಬಂದ್ಲಂತಾ?" ಲತಾ ಮಾತ್ರ ಒಂದು ದಿನ, ಯಾರಿಗೂ ಏನೂ ಹೇಳದೆ, ಕೆಳಮನೆಗೆ ಮೊಟ್ಟೆ ಬೇಯಿಸುವುದನ್ನು ನಿಲ್ಲಿಸಿದಳು. ಆ ನಿಲ್ಲಿಸುವಿಕೆಯ ಮೇಲೆ ಅನು ಎಷ್ಟೋ ದಿನ ಬದುಕಿದಳು.

ಮೊಕದ್ದಮೆ ವಿಚಾರಣೆಗೆ ಬಂದದ್ದು ಮುಂದಿನ ವರ್ಷ. ಆರೋಪಿಗಳು ಮೂವರೂ ಕಾರಿನಲ್ಲಿ ಬಂದಿದ್ದರು. ಸಾಕ್ಷಿಯಾದ ಅನು ಮೆಟ್ರೋದಲ್ಲಿ ಒಬ್ಬಳೇ ಬಂದಿದ್ದಳು. ನ್ಯಾಯಾಲಯದ ಉದ್ದನೆಯ ಮೊಗಸಾಲೆಯಲ್ಲಿ ಎದುರುಬದುರಾಗಿ ಎರಡು ಬೆಂಚುಗಳಿದ್ದವು. ಒಂದರ ಮೇಲೆ ಮರಿಯಪ್ಪ, ಮಧು, ನಡುವೆ ಲಿಂಗಮ್ಮ. ಇನ್ನೊಂದರ ಮೇಲೆ ಅನು. ವರ್ಷದಲ್ಲಿ ಲಿಂಗಮ್ಮ ಇನ್ನೂ ಸಣ್ಣಗಾಗಿದ್ದಳು; ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅವಳು ಈಚೆಗೆ ಯಾವ ಸಾವಿಗೂ ಹೋಗುತ್ತಿರಲಿಲ್ಲವೆಂದು ಅನು ಕೇಳಿದ್ದಳು. ಕರೆಯಲು ಬಂದವರಿಗೆ ಕೊರಳು ಬಿದ್ದಿದೆ ಎನ್ನುತ್ತಿದ್ದಳಂತೆ.

ಹನ್ನೊಂದಾಯಿತು, ಹನ್ನೆರಡಾಯಿತು. ಮಧು ಬೆವರುತ್ತಿದ್ದ. ಲಿಂಗಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಲಾರದೆ, ಅವನ ಕೈಗಿತ್ತಳು. "ಕುಡೀಲಾ, ಬಾಯೆಲ್ಲ ಒಣಗೈತೆ," ಎಂದಳು. ಅವನು ಕುಡಿದು ಅವಳಿಗೂ ಕುಡಿಸಿದ. ಗಲ್ಲದಿಂದ ಇಳಿದ ನೀರನ್ನು ತನ್ನ ಕರವಸ್ತ್ರದಲ್ಲಿ ಒರೆಸಿದ. ಅನು ಅದನ್ನು ಪೂರ್ತಿ ನೋಡಿದಳು. ಬೇರೆ ಕಡೆ ನೋಡಬಹುದಿತ್ತು, ನೋಡಲಿಲ್ಲ. ಅವನೂ ಈ ಮುದುಕಿಯ ಮೊಮ್ಮಗನೇ ಎಂಬುದನ್ನು ಇಷ್ಟು ದಿನ ಅವಳು ಬರೆದ ಯಾವ ಸಾಲಿನಲ್ಲೂ ಬರೆದಿರಲಿಲ್ಲ.

ಒಳಗಿನಿಂದ ಜವಾನ ಬಂದು ಬಾಗಿಲಲ್ಲಿ ನಿಂತು ಮೊಗಸಾಲೆಯ ಕೊನೆಯವರೆಗೆ ಮುಟ್ಟುವಂತೆ ಕೂಗಿದ.

"ಮಧುಕುಮಾರ್ ಬಿನ್ ಮರಿಯಪ್ಪ! ಮರಿಯಪ್ಪ ಬಿನ್ ಬೈರಯ್ಯ! ಲಿಂಗಮ್ಮ ಕೋಂ ಲೇಟ್ ಬೈರಯ್ಯ!"

ಲಿಂಗಮ್ಮನಿಗೆ ಒಮ್ಮೆಗೇ ಏಳಲಾಗಲಿಲ್ಲ. ಕೂತಲ್ಲಿಂದ ಎಬ್ಬಿಸಬೇಕಾದರೆ ಎಡಗೈ ಹಿಡಿಯಬೇಕು, ಬಲಗೈಯ ರಟ್ಟೆ ನೋಯುತ್ತದೆ ಎಂಬುದು ಅನುವಿಗೆ ಗೊತ್ತಿತ್ತು. ಅವಳು ತನಗರಿವಿಲ್ಲದೆ ಎದ್ದು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಮುದುಕಿಯ ಕೈ ಮಧುವಿನ ಹೆಗಲನ್ನು ತಡಕಿ ಹಿಡಿದಾಗಿತ್ತು. ಮರಿಯಪ್ಪನ ಹಿಂದೆ ಇಬ್ಬರೂ ನಿಧಾನವಾಗಿ, ಒಬ್ಬರನ್ನೊಬ್ಬರು ಒತ್ತಿಕೊಂಡು, ಅವಳೆದುರಿನಿಂದಲೇ ಹಾದು ಒಳಗೆ ಹೋದರು. ಸಾಕ್ಷಿಯನ್ನು ಆಮೇಲೆ ಕರೆಯುತ್ತೇವೆ, ಅಲ್ಲೇ ಕೂತಿರಿ ಎಂದು ಜವಾನ ಅವಳಿಗೆ ಹೇಳಿದ.